ಚಿಕ್ಕ ಮಕ್ಕಳ ಗುಂಪು ಚರ್ಚೆ: ಜೋಡಿ ಮಾತೋ, ವೃತ್ತವೋ, ಜಿಗ್‌ಸಾವೋ?

ಐದಾರು ವರ್ಷದ ಮಕ್ಕಳಿಗೆ ಚರ್ಚೆ ಕಲಿಸಲು ಹೊರಟಿದ್ದರೆ ಜೋಡಿ ಮಾತಿನಿಂದ ಶುರು ಮಾಡಿ. ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಪರಿಚಯಿಸಿದ ‘ಥಿಂಕ್-ಪೇರ್-ಶೇರ್’ ಇದೇ. ಮೊದಲು ಸುಮ್ನೆ ಯೋಚಿಸು, ಆಮೇಲೆ ಪಕ್ಕದವರಿಗೆ ಹೇಳು, ಕೊನೆಗೆ ಎಲ್ಲರಿಗೂ ಹೇಳು. ದೊಡ್ಡವರಿಗೆ ಯೋಚಿಸಲು ಎರಡು ನಿಮಿಷ ಕೊಡಬಹುದು. ಚಿಕ್ಕವರಿಗೆ ಹತ್ತು ಸೆಕೆಂಡ್ ಸಾಕು, ಜಾಸ್ತಿಯಾದರೆ ಶೂ ಲೇಸ್ ಬಿಚ್ಚುತ್ತಾ ಕೂರುತ್ತಾರೆ.

ಪ್ರತಿ ಜೋಡಿಗೂ ಒಂದು ಬಾಯಿಯ ಚಿತ್ರ, ಒಂದು ಕಿವಿಯ ಚಿತ್ರ ಕೊಡಿ. ಬಾಯಿ ಹಿಡಿದವರು ಮಾತಾಡಬೇಕು, ಕಿವಿ ಹಿಡಿದವರು ಕೇಳಬೇಕು. ಆಮೇಲೆ ಅದಲು ಬದಲು. ಕೊನೆಗೆ ‘ನೀನೇನಂದೆ’ ಅಂತ ಕೇಳಬೇಡಿ, ‘ನಿನ್ನ ಗೆಳತಿ ಏನಂದಳು’ ಅಂತ ಕೇಳಿ. ಕಿವಿ ಎಷ್ಟು ಕೆಲಸ ಮಾಡಿತು ಅನ್ನೋದು ಆಗಲೇ ಗೊತ್ತಾಗುತ್ತದೆ!

ವೃತ್ತದಲ್ಲಿ ಕೂತು, ಚೆಂಡು ಹಿಡಿದವರಷ್ಟೇ ಮಾತಾಡುವ ಪದ್ಧತಿ ನೋಡಲು ಚೆಂದ. ಆದರೆ ಲೆಕ್ಕ ಹಾಕಿ: 30 ಮಕ್ಕಳಿಗೆ ತಲಾ ಅರ್ಧ ನಿಮಿಷ ಅಂದರೂ 15 ನಿಮಿಷ. ಜೋಡಿಯಲ್ಲಿ ಒಂದೇ ನಿಮಿಷಕ್ಕೆ ಎಲ್ಲರ ಸರದಿಯೂ ಮುಗಿಯುತ್ತದೆ, ಅಲ್ವಾ? ವೃತ್ತವೇ ಬೇಕಿದ್ದರೆ ಎಂಟು ಮಕ್ಕಳ ಗುಂಪು ಮಾಡಿ, ‘ನನ್ನ ಸರದಿ ಬೇಡ’ ಅನ್ನಲು ಅವಕಾಶವಿರಲಿ. ಜಗಳ, ಬೇಸರದಂಥ ಎಲ್ಲರ ವಿಷಯಕ್ಕೆ ಮಾತ್ರ ನಾನು ಇದನ್ನು ಆರಿಸುತ್ತೇನೆ.

ಇನ್ನು ಜಿಗ್‌ಸಾ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ರೂಪಿಸಿದ ಇದರಲ್ಲಿ ಪ್ರತಿ ಮಗುವೂ ಪಾಠದ ಒಂದು ತುಂಡು ಕಲಿತು ಉಳಿದವರಿಗೆ ಹೇಳಿಕೊಡಬೇಕು. ಓದಲು ಬಾರದವರಿಗೆ ಚಿತ್ರ ಕೊಟ್ಟು ಮಾಡಿಸಬಹುದು, ಆದರೂ ಒದ್ದಾಟ. ಚೆನ್ನಾಗಿ ಓದಲು ಬರುವವರೆಗೆ ಬಿಟ್ಟುಬಿಡಿ.