ಶೆಲ್‌ಗೆ ಹೆಲ್ಪ್: ಒಳಗಾ, ಹೊರಗಾ?

ರಾಯಚೂರಿನ ನಮ್ಮ ಹುಡುಗರು ಸಿ ಭಾಷೆಯಲ್ಲಿ ಸಣ್ಣ ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ) ಬರೆಯುತ್ತಿದ್ದಾರೆ. ‘ಹೆಲ್ಪ್’ ಕಮಾಂಡ್ ಶೆಲ್ ಒಳಗೇ ಇರಲಾ, ಬೇರೆ ಮ್ಯಾನ್ ಪೇಜ್ (‘ಮ್ಯಾನ್’ ಕಮಾಂಡ್ ತೋರಿಸುವ ಕೈಪಿಡಿ ಪುಟ) ಬರೆಯೋದಾ ಅಂತ ಕೇಳಿದರು.

ಒಳಗಿಟ್ಟರೆ ಹೊಸ ಪ್ರೊಸೆಸ್, ಅಂದರೆ ಬೇರೆ ಪ್ರೋಗ್ರಾಂ ಓಡಿಸುವುದು, ಬೇಕಿಲ್ಲ. ಮ್ಯಾನ್ ಪೇಜ್‌ಗಳೇ ಇಲ್ಲದ, ಬೇಕಾದಷ್ಟೇ ಫೈಲ್‌ಗಳಿರುವ ಪ್ರತ್ಯೇಕ ಪರಿಸರವಾದ ಪುಟ್ಟ ಕಂಟೇನರ್‌ನಲ್ಲೂ ಉತ್ತರ ಸಿಗುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಶೆಲ್ ಆದ ಬ್ಯಾಶ್ ಮಾಡಿರುವುದೂ ಇದನ್ನೇ. ‘ಹೆಲ್ಪ್ ಸಿಡಿ’ ಎಂದರೆ ಫೋಲ್ಡರ್ ಬದಲಿಸುವ ಸಿಡಿ ಕಮಾಂಡ್ ಬಗ್ಗೆ ಮಾತ್ರ ಹೇಳುತ್ತದೆ. ಮ್ಯಾನ್‌ನಲ್ಲಿ ಹುಡುಕಿದರೆ ಕೆಲವು ಲಿನಕ್ಸ್‌ಗಳಲ್ಲಿ ಶೆಲ್ ಒಳಗಿನ ಎಲ್ಲಾ ಕಮಾಂಡ್‌ಗಳ, ಅಂದರೆ ಬಿಲ್ಟ್‌ಇನ್‌ಗಳ ಉದ್ದನೆಯ ಪುಟ ತೆರೆಯುತ್ತದೆ. ಒಂದು ಮಿರ್ಚಿ ಕೇಳಿದವನಿಗೆ ಇಡೀ ಬಾಣಲೆ ಕೊಟ್ಟ ಹಾಗೆ, ಅಲ್ವಾ?

ಒಳಗಿಡುವುದರ ತೊಂದರೆ ಅಂದ್ರೆ, ಕಾಗುಣಿತ ತಿದ್ದಿದರೂ ಮತ್ತೆ ಕಂಪೈಲ್ ಮಾಡಬೇಕು. ಮ್ಯಾನ್ ಪೇಜ್ ಬರೀ ಟೆಕ್ಸ್ಟ್ ಫೈಲ್. ಉದಾಹರಣೆ ಜಾಸ್ತಿ ತುಂಬಬಹುದು.

ಹತ್ತೇ ಬಿಲ್ಟ್‌ಇನ್ ಇದ್ದರೆ ಒಳಗೇ ಇಡಿ. ಕಮಾಂಡ್ ಹುಡುಕುವ ಟೇಬಲ್‌ನಲ್ಲೇ ಒಂದು ಸಾಲಿನ ವಿವರಣೆಯನ್ನೂ ಸೇರಿಸಿದರೆ, ಹೊಸ ಕಮಾಂಡ್ ಬಂದಾಗ ಹೆಲ್ಪ್ ಬರೆಯುವುದು ಮರೆಯುವುದಿಲ್ಲ.