ಹಲ್ಲಿಗೆ ಅಂಟುವ ಬಾಂಡಿಂಗ್ ಏಜೆಂಟ್‌ಗಳು: ಮೂರು ಬಗೆಗಳನ್ನು ಬಳಸಿ ಕಂಡದ್ದು

ಒಸಡಿನ ಅಂಚಿನಲ್ಲಿ ಸವೆದ ಹಲ್ಲಿಗೆ ತುಂಬಿಸಿದ ಕಾಂಪೊಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್) ಕಳಚಿಬಿದ್ದಾಗ, ಆ ಗುಳಿಯನ್ನು ಕನ್ನಡಿಯಲ್ಲಿ ಹತ್ತಿರದಿಂದ ನೋಡಿದರೆ ಸಾಮಾನ್ಯವಾಗಿ ಒಂದೇ ಚಿತ್ರ ಕಾಣುತ್ತದೆ: ಮೇಲಂಚಿನ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲೆ ರಾಳದ ಚೂರುಗಳು ಇನ್ನೂ ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಅದರ ಒಳಗಿನ ಪದರವಾದ ಡೆಂಟಿನ್ ಮಾತ್ರ ಏನೂ ಅಂಟಿರಲೇ ಇಲ್ಲವೇನೋ ಎಂಬಂತೆ ನುಣ್ಣಗಿರುತ್ತದೆ. ಹಲ್ಲಿಗೂ ಫಿಲ್ಲಿಂಗ್‌ಗೂ ನಡುವೆ ಹಚ್ಚುವ ಅಂಟಿನ, ಅಂದರೆ ಬಾಂಡಿಂಗ್ ಏಜೆಂಟ್‌ನ, ಒಂದೇ ಬಾಟಲಿಯ ಒಂದೇ ಹನಿ ಎರಡು ಕಡೆ ಹೀಗೆ ಬೇರೆ ಬೇರೆಯಾಗಿ ನಡೆದುಕೊಳ್ಳುವುದೇಕೆ ಎಂಬುದು ತಿಳಿಯದೆ ಯಾವ ಬಾಂಡಿಂಗ್ ಏಜೆಂಟ್ ಒಳ್ಳೆಯದು ಎಂದು ಹೇಳಲಾಗದು.

ಎನಾಮೆಲ್ ವಿಷಯ ಬಹುಮಟ್ಟಿಗೆ ಇತ್ಯರ್ಥವಾಗಿದೆ. 1955ರಲ್ಲಿ ಮೈಕೆಲ್ ಬುವೊನೊಕೋರ್ ಅವರು ಶೇ. 85ರ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಹಚ್ಚಿ ತೊಳೆದರೆ ಅಕ್ರಿಲಿಕ್ ರಾಳ ಎನಾಮೆಲ್‌ಗೆ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಇಂದು ನಾವು ಶೇ. 30ರಿಂದ 40ರಷ್ಟು ಸಾಂದ್ರತೆಯ ಜೆಲ್ ಬಳಸುತ್ತೇವೆ, ತತ್ವ ಬದಲಾಗಿಲ್ಲ. ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ ಆಗಿರುವ ಎನಾಮೆಲನ್ನು ಚೆನ್ನಾಗಿ ಒಣಗಿಸಬಹುದು, ಆಮ್ಲ ಕೊರೆದ ಸೂಕ್ಷ್ಮ ಕುಳಿಗಳಿಗೆ ರಾಳ ಇಳಿದು ಬೇರೂರುತ್ತದೆ. ಡೆಂಟಿನ್ ಹಾಗಲ್ಲ. ಅದರಲ್ಲಿ ಖನಿಜ ಸುಮಾರು ಶೇ. 70 ಮಾತ್ರ, ಉಳಿದದ್ದು ಹೆಚ್ಚಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಮತ್ತು ನೀರು. ಚದರ ಮಿಲಿಮೀಟರಿಗೆ ಹತ್ತಾರು ಸಾವಿರ ನಾಳಗಳಿದ್ದು, ಹಲ್ಲು ಜೀವಂತವಾಗಿರುವವರೆಗೂ ಒಳಗಿನಿಂದ ದ್ರವ ಜಿನುಗುತ್ತಲೇ ಇರುತ್ತದೆ. ಆಮ್ಲ ಹಚ್ಚಿ ತೊಳೆದ ಡೆಂಟಿನ್ನನ್ನು ಅತಿಯಾಗಿ ಒಣಗಿಸಿದರೆ, ಕೊಳದಿಂದ ಮೇಲೆತ್ತಿದ ಪಾಚಿಯಂತೆ ಕೊಲಾಜನ್ ಎಳೆಗಳು ಕುಸಿದು ಮುದ್ದೆಯಾಗುತ್ತವೆ, ರಾಳಕ್ಕೆ ಒಳಹೋಗಲು ದಾರಿ ಇರುವುದಿಲ್ಲ. ನೀರು ಹೆಚ್ಚಾಗಿ ಉಳಿದರೂ ರಾಳ ತೆಳುವಾಗಿ ಕೆಡುತ್ತದೆ. ಕೊಲಾಜನ್ ಜಾಲದೊಳಗೆ ರಾಳ ಹೆಣೆದುಕೊಂಡು ಉಂಟಾಗುವ ಮಿಶ್ರಪದರವನ್ನು ನಕಬಯಾಶಿ ಅವರು 1982ರಲ್ಲಿ ವಿವರಿಸಿದರು. ಕೆಲವೇ ಮೈಕ್ರೋಮೀಟರ್ ದಪ್ಪದ ಆ ಪದರದ ಗುಣವೇ ಬಾಂಡಿಂಗ್‌ನ ಆಯುಷ್ಯ.

ಮೊದಲನೆಯದು ಆಮ್ಲ, ಪ್ರೈಮರ್ (ರಾಳ ಒಳಗಿಳಿಯುವಂತೆ ಡೆಂಟಿನ್ನನ್ನು ಸಿದ್ಧಮಾಡುವ ದ್ರವ), ಬಾಂಡ್ (ಮೇಲೆ ಹಚ್ಚುವ ಅಂಟುರಾಳ) ಎಂಬ ಮೂರು ಹಂತಗಳ ಪದ್ಧತಿ. ನಾನು ಬಳಸಿರುವ ಆಪ್ಟಿಬಾಂಡ್ ಎಫ್‌ಎಲ್ ಈ ಬಗೆಯದು. ಇದರ ಬಾಂಡ್ ದ್ರವದಲ್ಲಿ ಫಿಲ್ಲರ್ ಕಣಗಳಿರುವುದರಿಂದ ಗುಳಿಯ ತಳದಲ್ಲಿ ದಪ್ಪವಾದ, ನೀರನ್ನು ಸುಲಭವಾಗಿ ಒಳಬಿಡದ ಪದರ ಕೂರುತ್ತದೆ. ಒಸಡಿನ ಅಂಚಿನ ಗುಳಿಗಳಲ್ಲಿ 13 ವರ್ಷಗಳವರೆಗೆ ನಿಗಾ ಇಟ್ಟ ಅಧ್ಯಯನಗಳಲ್ಲಿ ಇದು ಚೆನ್ನಾಗಿ ನಿಂತಿದೆ. ಆದರೆ ಇಡೀ ಫಲಿತಾಂಶ ಕೈಚಳಕಕ್ಕೆ ಕಟ್ಟುಬಿದ್ದಿದೆ: ಡೆಂಟಿನ್ ಮೇಲೆ ಆಮ್ಲ 15 ಸೆಕೆಂಡು ಮೀರಬಾರದು, ತೊಳೆದ ನಂತರ ಮೇಲ್ಮೈ ಹೊಳೆಯುವಷ್ಟು ತೇವವಿರಬೇಕು, ನೀರು ನಿಲ್ಲಬಾರದು. ಈ ಅಳತೆ ತಪ್ಪಿದ ದಿನ ರೋಗಿ ತಣ್ಣೀರು ಕುಡಿದಾಗ ಹಲ್ಲು ಜುಮ್ಮೆನ್ನುತ್ತದೆ ಎಂದು ಮರಳಿ ಬರುತ್ತಾರೆ.

ಎರಡನೆಯದು ಪ್ರೈಮರ್, ಬಾಂಡ್ ಎಂಬ ಎರಡೇ ಹಂತಗಳ ಪದ್ಧತಿ; ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಕ್ಲಿಯರ್‌ಫಿಲ್ ಎಸ್‌ಇ ಬಾಂಡ್‌ನಲ್ಲಿ ಪ್ರೈಮರೇ ಸೌಮ್ಯ ಆಮ್ಲದ ಕೆಲಸವನ್ನೂ ಮಾಡುತ್ತದೆ; ಅದರ ಪಿಎಚ್ ಸುಮಾರು 2. ತೊಳೆಯುವ ಪ್ರಶ್ನೆಯೇ ಇಲ್ಲದಿರುವುದರಿಂದ ತೇವ ಎಷ್ಟಿರಬೇಕೆಂಬ ಗೊಂದಲವೂ ಇಲ್ಲ. ಇನ್ನೂ ಮುಖ್ಯವಾದದ್ದು, ಸೌಮ್ಯ ಆಮ್ಲ ಕೊಲಾಜನ್ ಸುತ್ತಲಿನ ಖನಿಜವನ್ನು ಪೂರ್ತಿ ಕರಗಿಸುವುದಿಲ್ಲ, ಮತ್ತು ಇದರಲ್ಲಿರುವ 10-ಎಂಡಿಪಿ ಎಂಬ ಅಣು ಉಳಿದ ಖನಿಜದ ಕ್ಯಾಲ್ಸಿಯಂನೊಡನೆ ರಾಸಾಯನಿಕವಾಗಿ ಬೆಸೆದು, ನೀರಿನಲ್ಲಿ ಬೇಗ ಕರಗದ ಲವಣವನ್ನು ರೂಪಿಸುತ್ತದೆ. ಅಂದರೆ ಇಲ್ಲಿ ಬರಿಯ ಕಚ್ಚಿಕೊಳ್ಳುವಿಕೆಯಲ್ಲ, ನಿಜವಾದ ಬೆಸುಗೆಯೂ ಇದೆ. ಕೊರತೆ ಇರುವುದು ಎನಾಮೆಲ್ ಬಳಿ. ಡ್ರಿಲ್‌ನಿಂದ ಕೊರೆಯದ ಎನಾಮೆಲ್ ಮೇಲೆ ಈ ಸೌಮ್ಯ ಆಮ್ಲ ಆಳವಾಗಿ ಕೆಲಸ ಮಾಡದು. ಕೆಲವು ವರ್ಷಗಳಲ್ಲಿ ಅಂಚು ಕಂದುಗಟ್ಟುವುದುಂಟು. ಎನಾಮೆಲ್ ಅಂಚಿಗೆ ಮಾತ್ರ ಫಾಸ್ಫಾರಿಕ್ ಜೆಲ್ ಹಚ್ಚಿ ತೊಳೆದು, ಆಮೇಲೆ ಪ್ರೈಮರನ್ನು 20 ಸೆಕೆಂಡು ಬಿಟ್ಟರೆ ಈ ಕೊರತೆ ಬಹುಪಾಲು ನೀಗುತ್ತದೆ. ನಾನು ಇದನ್ನು ಬಿಡದೆ ಪಾಲಿಸುತ್ತೇನೆ.

ಮೂರನೆಯದು ಎಲ್ಲವನ್ನೂ ಒಂದೇ ಬಾಟಲಿಯಲ್ಲಿ ಸೇರಿಸಿದ ಯೂನಿವರ್ಸಲ್ ಬಾಂಡ್. ಎಚಿಂಗ್ (ಮೊದಲು ಆಮ್ಲ ಹಚ್ಚಿ ತೊಳೆಯುವುದು) ಮಾಡಿದರೂ ಸರಿ, ಮಾಡದಿದ್ದರೂ ಸರಿ ಎಂಬ ಅನುಕೂಲ ಇದಕ್ಕಿದೆ, ಹೆಚ್ಚಿನವುಗಳಲ್ಲಿ 10-ಎಂಡಿಪಿಯೂ ಇದೆ. ಆದರೆ ನೀರು, ದ್ರಾವಕ, ನೀರನ್ನು ಹೀರುವ ರಾಳ, ನೀರನ್ನು ದೂರವಿಡುವ ರಾಳ ಎಲ್ಲವೂ ಒಂದೇ ತೆಳುಪದರದಲ್ಲಿ ಕೂಡಿರಬೇಕಾದ್ದರಿಂದ, ಗಟ್ಟಿಯಾದ ಮೇಲೂ ಆ ಪದರ ಒಳಗಿನ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಒಸರಲು ಬಿಡುತ್ತದೆ. ಇಂಥ ಒಂದು ಬಾಂಡನ್ನು ಬಳಸಲು ತೊಡಗಿದ ಹೊಸತರಲ್ಲಿ ನಾನು ಗಾಳಿಯನ್ನು ಕ್ಷಣಮಾತ್ರ ಊದಿ ಲೈಟ್ ಕ್ಯೂರ್ (ಬೆಳಕು ಹಾಯಿಸಿ ಗಟ್ಟಿ) ಮಾಡುತ್ತಿದ್ದೆ, ಆ ಅವಧಿಯ ಕೆಲವು ಫಿಲ್ಲಿಂಗ್‌ಗಳು ವರ್ಷ ತುಂಬುವ ಮುನ್ನವೇ ಬಿದ್ದವು. ತಪ್ಪು ನನ್ನದೇ, ಅವಸರವನ್ನು ಈ ಪದಾರ್ಥ ಕ್ಷಮಿಸುವುದಿಲ್ಲ. ಬ್ರಷ್‌ನಿಂದ 20 ಸೆಕೆಂಡು ತಿಕ್ಕಿ, ದ್ರವದ ಅಲೆ ಚಲಿಸುವುದು ನಿಲ್ಲುವವರೆಗೆ ಗಾಳಿ ಊದಿ, ಮೇಲೊಂದು ದ್ರಾವಕವಿಲ್ಲದ ರಾಳದ ಪದರ ಕೊಟ್ಟರೆ ಹಿಡಿತ ಗಮನಾರ್ಹವಾಗಿ ಸುಧಾರಿಸುತ್ತದೆ. ಹಾಗೆ ಮಾಡಿದಾಗ ಒಂದು ಬಾಟಲಿಯ ಅನುಕೂಲ ಉಳಿಯುವುದಿಲ್ಲ ಎಂಬುದೂ ನಿಜ.

ಕರಪತ್ರಗಳಲ್ಲಿ ಮೆಗಾಪಾಸ್ಕಲ್ ಲೆಕ್ಕದಲ್ಲಿ ಅಚ್ಚಾಗುವ ಹಿಡಿತದ ಬಲವನ್ನು ನೋಡಿ ಕೊಳ್ಳುವವರಿಗೆ ಒಂದು ಮಾತು. ಆ ಅಂಕಿಗಳು ಬಹುತೇಕ ಕಿತ್ತ ಹಲ್ಲಿನ ಆರೋಗ್ಯವಂತ, ಸಮತಟ್ಟಾದ ಡೆಂಟಿನ್ ಮೇಲೆ 24 ಗಂಟೆಗಳ ನಂತರ ಅಳೆದವು. ಬಾಯಿಯಲ್ಲಿ ನಮಗೆ ಸಿಗುವುದು ಹುಳುಕು ತಗುಲಿ ಮೆತ್ತಗಾದ ಡೆಂಟಿನ್, ಅಥವಾ ವರ್ಷಗಳ ಸವೆತಕ್ಕೆ ನಾಳಗಳೇ ಮುಚ್ಚಿ ಗಾಜಿನಂತಾದ ಡೆಂಟಿನ್; ಎರಡರಲ್ಲೂ ಹಿಡಿತ ಕಡಿಮೆ. ಜೊತೆಗೆ ಡೆಂಟಿನ್‌ನೊಳಗೇ ಇರುವ ಕೆಲವು ಕಿಣ್ವಗಳು ರಾಳ ತಲುಪದೆ ಬರಿದಾಗಿ ಉಳಿದ ಕೊಲಾಜನನ್ನು ಕಾಲಕ್ರಮೇಣ ತಿಂದುಹಾಕುತ್ತವೆ. ಅವನ್ನು ತಡೆಯಲು ಶೇ. 2ರ ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ಹಚ್ಚುವ ರೂಢಿಯಿದೆ, ಆದರೆ ಪ್ರಯೋಗಾಲಯದಲ್ಲಿ ಕಂಡ ಲಾಭ ರೋಗಿಗಳ ಬಾಯಲ್ಲಿ ಅಷ್ಟೇ ಸ್ಪಷ್ಟವಾಗಿ ಕಂಡಿಲ್ಲ. ಎಂಜಲು, ರಕ್ತ ತಾಗದಂತೆ ಹಲ್ಲನ್ನು ಪ್ರತ್ಯೇಕಿಸುವುದಕ್ಕೇ ನಾನು ಹೆಚ್ಚು ಸಮಯ ಕೊಡುತ್ತೇನೆ.

ಹಾಗಾಗಿ ಡೆಂಟಿನ್ ಹೆಚ್ಚಾಗಿ ತೆರೆದಿರುವ ಆಳದ ಗುಳಿಗೆ ನನ್ನ ಕೈ ಹೋಗುವುದು ಎರಡು ಹಂತದ ಸೌಮ್ಯ ಬಾಂಡ್ ಕಡೆಗೆ, ಮುಂಭಾಗದ ಹಲ್ಲು ಮುರಿದು ಎನಾಮೆಲ್ ಅಂಚು ವಿಶಾಲವಾಗಿದ್ದಾಗ ಮೂರು ಹಂತದ ಪದ್ಧತಿಗೆ. ಹಳೆಯ ಕಾಂಪೊಸಿಟ್ಟಿಗೆ ತೇಪೆ ಹಾಕುವಂಥ ಕೆಲಸಗಳಿಗೆ ಯೂನಿವರ್ಸಲ್ ಬಾಟಲಿಯನ್ನು ಇಟ್ಟುಕೊಂಡಿದ್ದೇನೆ, ಪ್ರತಿ ಹನಿಯ ನಂತರ ಕೂಡಲೇ ಮುಚ್ಚಳ ಹಾಕುತ್ತೇನೆ, ಏಕೆಂದರೆ ದ್ರಾವಕ ಆವಿಯಾಗಿ ಮಂದವಾದ ಬಾಂಡ್ ಡೆಂಟಿನ್‌ಗೆ ಇಳಿಯುವುದಿಲ್ಲ. ಹಲ್ಲನ್ನು ಬ್ಲೀಚ್ ಮಾಡಿಸಿಕೊಂಡು ಮರುದಿನವೇ ಫಿಲ್ಲಿಂಗ್ ಬೇಕೆನ್ನುವವರಿಗೆ ಇವುಗಳಲ್ಲಿ ಯಾವುದನ್ನೂ ಹಚ್ಚದೆ, ಉಳಿದ ಆಮ್ಲಜನಕ ರಾಳವನ್ನು ಗಟ್ಟಿಯಾಗಲು ಬಿಡದೆಂದು ವಿವರಿಸಿ, ಎರಡು ವಾರ ಬಿಟ್ಟು ಬರಲು ಹೇಳುತ್ತೇನೆ.