ಅತ್ತೆಯ ಎಸ್‌ಒಎಸ್ ಬಟನ್ ಹುಳು ಮನೆವರೆಗೂ ತಲುಪಿದ್ದು: ಜಿಗ್ಬೀ ರಿಪೀಟರ್ ಬಳಸಿ ನೋಡಿದ ಮೇಲೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಈ ರಿಪೀಟರ್‌ಗೆ, ಅಂದರೆ ಎಸ್‌ಒಎಸ್ ಬಟನ್ನಿನ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಪೆಟ್ಟಿಗೆಗೆ, ನನ್ನದು 5ಕ್ಕೆ 3.5. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ತಾನು ನಿಂತುಹೋದಾಗ ಯಾರಿಗೂ ಹೇಳಲ್ಲ. ಅಂಕ ಕಿತ್ತುಕೊಂಡಿದ್ದು ಅದಕ್ಕೇ.

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಬಿಳಿ ಪೆಟ್ಟಿಗೆ ಆನ್‌ಲೈನಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಸಾವಿರದ ಚಿಲ್ಲರೆ ರೂಪಾಯಿ. ಅಂಗೈ ಒಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಯುಎಸ್‌ಬಿ ವೈರ್, ಒಂದು ಪುಟ್ಟ ದೀಪ, ಪಿನ್ ಚುಚ್ಚಿ ಒತ್ತುವ ಒಂದು ತೂತು. ಅಷ್ಟೇ ಇರೋದು.

ಅತ್ತೆ ಇರುವುದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಲ್ಲಿ, ನಾವು ಚಿಕ್ಕಬಳ್ಳಾಪುರದಲ್ಲಿ. ಭಾವನ ಮನೆ ಪಕ್ಕದಲ್ಲೇ ಇದೆ. ಆದರೆ ಹಗಲು ಹೊತ್ತು ಭಾವ, ಓರಗಿತ್ತಿ ಇಬ್ಬರೂ ತೋಟದಲ್ಲಿರುತ್ತಾರೆ. ಅತ್ತೆಗೆ ಎಪ್ಪತ್ತು ದಾಟಿದೆ. ಮಂಡಿ ನೋವು ಇದೆ, ಬಿಪಿಗೆ ಮಾತ್ರೆ ತಗೋತಾರೆ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರು. ಆಮೇಲೆ ನಮ್ಮ ಮನೆಯವರು ಒಂದು ಜಿಗ್ಬೀ ಹಬ್ (ಜಿಗ್ಬೀ ಅಂದರೆ ಸಣ್ಣ ಸೆನ್ಸರ್‌ಗಳು ವೈರಿಲ್ಲದೆ ಮಾತಾಡುವ ರೀತಿ, ಹಬ್ ಅವನ್ನೆಲ್ಲ ಕೂಡಿಸುವ ಪೆಟ್ಟಿಗೆ), ಕೊರಳಿಗೊಂದು ಮತ್ತು ಬಚ್ಚಲಿಗೊಂದು ಎಸ್‌ಒಎಸ್ ಬಟನ್, ಹಿಂಬಾಗಿಲಿಗೆ ಸೆನ್ಸರ್, ಭಾವನ ಮನೆಗೆ ಸೈರನ್ ತಂದು ಹಾಕಿದರು. ಬಟನ್ ಕೊರಳಿಗೆ ಹಾಕಿದ ದಿನ ಅತ್ತೆ, "ಹಸುಗೆ ಗಂಟೆ ಕಟ್ಟಿದಂಗಾಯ್ತಲ್ಲಮ್ಮ" ಅಂದರು. ಸೆರಗಿನ ಒಳಗೆ ಹಾಕ್ಕೊಳ್ಳಿ ಅತ್ತೆ, ಕಾಣಿಸಲ್ಲ ಅಂದೆ. ಈಗ ಅಭ್ಯಾಸ ಆಗಿದೆ.

ತೊಂದರೆ ಇದ್ದದ್ದು ಮನೆಯಲ್ಲಿ. ಮುಂದಿನ ಭಾಗ ಆರ್‌ಸಿಸಿ. ಹಿಂದಿನದು ಹಳೇ ಕಾಲದ ಕಲ್ಲು ಗೋಡೆ, ಮೇಲೆ ಚಪ್ಪಡಿ. ರೂಮಿನಲ್ಲಿ ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ಹಿತ್ತಲಲ್ಲಿ ಜಿಂಕ್ ಶೀಟ್ ಹೊದಿಸಿದ ಬಚ್ಚಲು. ಅದರಾಚೆ ಅಂಗಳ ದಾಟಿದರೆ ರೇಷ್ಮೆ ಹುಳು ಮನೆ. ಹಬ್ ಇರುವುದು ಮುಂದೆ, ಟಿವಿ ಪಕ್ಕ. ಬಚ್ಚಲಿನ ಬಟನ್ ಒತ್ತಿದರೆ ಒಮ್ಮೆ ಸೈರನ್ ಕೂಗುತ್ತಿತ್ತು, ಇನ್ನೊಮ್ಮೆ ಸುಮ್ನೆ ಇರುತ್ತಿತ್ತು. ಹುಳು ಮನೆಯಿಂದಂತೂ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಮುದುಕರು ಜಾರಿ ಬೀಳುವ ಭಯ ಇರುವುದು ಒದ್ದೆ ನೆಲ ಇರುವ ಕಡೆ. ಸಿಗ್ನಲ್ ಸಿಗದೆ ಇದ್ದದ್ದೂ ಅಲ್ಲೇ.

ಹುಳು ಮನೆಗೆ ಹೋಗಬೇಡಿ ಅನ್ನುವ ಹಾಗೂ ಇಲ್ಲ. "ಸೊಪ್ಪು ಹಾಕೋಕೂ ಬೇಡ ಅಂದ್ರೆ ಇನ್ನೇನ್ ಮಾಡ್ಲಿ ನಾನು?" ಅಂತಾರೆ.

ಅಂಗಡಿಯಲ್ಲಿ ಕೇಳಿದಾಗ ಅವರು ಮೊದಲು ತೆಗೆದಿಟ್ಟಿದ್ದು ವೈಫೈ ಎಕ್ಸ್‌ಟೆಂಡರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ತುಂಬ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ. ವೈಫೈ ಎಕ್ಸ್‌ಟೆಂಡರ್ ವೈಫೈಯನ್ನು ಮಾತ್ರ ಮುಂದಕ್ಕೆ ಕಳಿಸುತ್ತದೆ. ಜಿಗ್ಬೀ ಸೆನ್ಸರ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತದೆ ನಿಜ. ಆದರೆ ಅದರ ಭಾಷೆ ಬೇರೆ, ಎಕ್ಸ್‌ಟೆಂಡರ್‌ಗೆ ಅದು ಬರೀ ಗಲಾಟೆ. ಸೆನ್ಸರ್‌ಗೆ ಜಿಗ್ಬೀ ರಿಪೀಟರೇ ಬೇಕು. ಸೆಲ್ ಮೇಲೆ ಓಡುವ ಜಿಗ್ಬೀ ಬಟನ್, ಬಾಗಿಲಿನ ಸೆನ್ಸರ್ ಇವೆಲ್ಲ ಒಂದರ ಸುದ್ದಿಯನ್ನು ಇನ್ನೊಂದು ದಾಟಿಸಲ್ಲ. ಸೆಲ್ ಉಳಿಸಲು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ದಾಟಿಸುವುದು ಸದಾ ಕರೆಂಟಿನಲ್ಲಿರುವ ಸಾಮಾನು ಮಾತ್ರ. ಹಾಗಾಗಿ ಜಿಗ್ಬೀ ಸ್ಮಾರ್ಟ್ ಪ್ಲಗ್ ಕೂಡ ಸಾಮಾನ್ಯವಾಗಿ ರಿಪೀಟರ್ ಕೆಲಸ ಮಾಡುತ್ತದೆ. ಸ್ಮಾರ್ಟ್ ಬಲ್ಬ್ ನಂಬಬೇಡಿ. ಯಾರಾದರೂ ಅಭ್ಯಾಸಬಲದಲ್ಲಿ ಗೋಡೆಯ ಸ್ವಿಚ್ ಆರಿಸಿದರೆ ದಾರಿ ಮುಚ್ಚಿತು.

ನಮ್ಮ ನೆಂಟರೊಬ್ಬರು ಯುರೋಪಿನಿಂದ ತಂದ ಕೇರ್ ಅಲಾರಂ (ವಯಸ್ಸಾದವರು ಸಹಾಯಕ್ಕೆ ಕರೆಯುವ ಅಲಾರಂ) ರಿಪೀಟರ್ ಕೊಡುತ್ತೇನೆ ಅಂದರು. ಬೇಡ ಅಂದೆವು. ಅಲ್ಲಿ ಇಂಥ ಅಲಾರಂಗಳಿಗೆಂದೇ 869.2ರಿಂದ 869.25 ಮೆಗಾಹರ್ಟ್ಸ್ ಎತ್ತಿಟ್ಟಿದ್ದಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಆ ಸುತ್ತಿನ ಪಟ್ಟಿ 865ರಿಂದ 868. ಅದೂ ಅಲ್ಲದೆ ಅದು ನಮ್ಮ ಜಿಗ್ಬೀ ಹಬ್ ಜೊತೆ ಸೇರುವುದೇ ಇಲ್ಲ. ನಿಮ್ಮದು ಜಿಗ್ಬೀ ಅಲ್ಲದ, 433 ಮೆಗಾಹರ್ಟ್ಸ್ ಸೆಟ್ ಆದರೆ ಅದೇ ಕಂಪನಿಯ ರಿಪೀಟರ್ ತಗೊಳ್ಳಿ. ಒಂದಾದ ಮೇಲೆ ಒಂದರಂತೆ ಎರಡು ಹಾಕಬಹುದಾ ಅಂತಲೂ ಕೇಳಿ. ಎಲ್ಲದರಲ್ಲೂ ಆಗಲ್ಲ.

ಜೋಡಿಸುವುದು ಸುಲಭ. ಹಬ್ ಪಕ್ಕದಲ್ಲೇ ಇಟ್ಟು, ಆ್ಯಪ್‌ನಲ್ಲಿ ಹೊಸ ಸಾಧನ ಅಂತ ಒತ್ತಿ, ಪಿನ್ನಿನಿಂದ ತೂತು ಚುಚ್ಚಿದರೆ ದೀಪ ಮಿನುಗಿ ಸೇರಿಕೊಳ್ಳುತ್ತದೆ. ಆಮೇಲೆ ಕಿತ್ತು ಬೇಕಾದ ಜಾಗಕ್ಕೆ ಒಯ್ದರಾಯಿತು. ನಿಜವಾದ ಕೆಲಸ ಆ ಜಾಗ ಹುಡುಕುವುದು. ಡಬ್ಬದ ಮೇಲೆ ಬರೆದಿರುವ ಮೀಟರ್ ಲೆಕ್ಕ ಬಯಲಿನದು. ಕಲ್ಲು ಗೋಡೆಯ ಮನೆಗೆ ಅದನ್ನು ಮರೆತುಬಿಡಿ. ಸಿಗ್ನಲ್ ಸಿಗದ ಬಚ್ಚಲಲ್ಲೇ ಒಯ್ದು ಇಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗಲ್ಲ. ರಿಪೀಟರ್‌ಗೇ ಕೇಳಿಸದಿದ್ದರೆ ಅದು ಏನನ್ನು ದಾಟಿಸಬೇಕು? ಹಬ್ಬಿನ ಮಾತು ಇನ್ನೂ ಚೆನ್ನಾಗಿ ಕೇಳುವ ಕೊನೆಯ ಜಾಗ ಹುಡುಕಬೇಕು.

ನಮ್ಮಲ್ಲಿ ಆ ಜಾಗ ಸಿಕ್ಕಿದ್ದು ಅಡುಗೆಮನೆಯ ಗವಾಕ್ಷಿ. ಎತ್ತರದಲ್ಲಿದೆ, ಒಂದು ಕಡೆ ಒಳಮನೆ, ಇನ್ನೊಂದು ಕಡೆ ಹಿತ್ತಲು. ಗೋಡೆ ತೂರಿ ಹೋಗುವ ಗೋಜೇ ಇಲ್ಲ. ನೀರೊಲೆಯ ಹೊಗೆ ಅಲ್ಲಿಂದಲೇ ಹಾಯುವುದರಿಂದ ಪೆಟ್ಟಿಗೆ ಈಗ ಬಿಳಿ ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ದೀಪದ ಮೇಲೆ ಮಸಿ, ಜೇಡರ ಬಲೆ. ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಕೆಲಸಕ್ಕೇನೂ ತೊಂದರೆ ಆಗಿಲ್ಲ.

ರಿಪೀಟರ್ ಹಾಕಿದ ತಕ್ಷಣ ಬಚ್ಚಲಿನ ಬಟನ್ ಸರಿಹೋಗಲಿಲ್ಲ. ಅದು ಹಳೇ ನಂಟು ಬಿಡದೆ ಹಬ್ಬಿಗೇ ಅಂಟಿಕೊಂಡಿತ್ತು. ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ರಿಪೀಟರ್ ಹತ್ತಿರ ನಿಂತು ಮತ್ತೆ ಜೋಡಿಸಿದ ಮೇಲೆ ದಾರಿ ಬದಲಿಸಿತು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆಗಿನಿಂದ ಸೆಲ್ ಕೂಡ ಜಾಸ್ತಿ ದಿನ ಬರುತ್ತಿದೆ. ಸಿಗ್ನಲ್ ಸಿಗದೆ ಪದೇ ಪದೇ ಕೂಗುವ ಸೆನ್ಸರ್ ಸೆಲ್ಲನ್ನು ಬೇಗ ತಿಂದುಹಾಕುತ್ತದೆ.

ಬಟನ್ ಎಲ್ಲಿ ಅಂಟಿಸಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಸ್ವಿಚ್ ಬೋರ್ಡಿನ ಎತ್ತರದಲ್ಲಿ ಅಲ್ಲ. ಬಿದ್ದವರು ನೆಲದಲ್ಲಿರುತ್ತಾರೆ. ಕುಳಿತು, ಮಲಗಿ ಕೈಚಾಚಿದರೆ ಸಿಗುವಷ್ಟು ಕೆಳಗೆ ಇರಬೇಕು. ನಮ್ಮದು ಹಂಡೆ ಎದುರಿನ ಗೋಡೆಯಲ್ಲಿ, ಮಂಡಿಗಿಂತ ಕೆಳಗಿದೆ.

ಹುಳು ಮನೆಗೆ ಇನ್ನೊಂದು ರಿಪೀಟರ್ ಬೇಕಾಯಿತು. ಜಿಗ್ಬೀಯಲ್ಲಿ ಒಂದು ರಿಪೀಟರ್ ಇನ್ನೊಂದಕ್ಕೆ, ಅದು ಹಬ್ಬಿಗೆ ದಾಟಿಸುತ್ತದೆ, ಅದು ಅನುಕೂಲ. ಬೆಳೆ ಇಲ್ಲದಾಗ ಪರೀಕ್ಷೆ ಮಾಡಿದೆವು, ಎಲ್ಲ ಮೂಲೆಯಿಂದಲೂ ಸೈರನ್ ಕೂಗಿತು. ಚಾಕಿ ಹುಳು, ಅಂದರೆ ಮರಿ ಹುಳು, ತಂದು ಬಿಟ್ಟಾಗಲೂ ಚೆನ್ನಾಗಿತ್ತು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ನೋಡಿ ಆಟ ಶುರುವಾಯಿತು. ಹುಳು ಸಾಕಿದವರಿಗೆ ಗೊತ್ತು, ಆಗ ಎಷ್ಟು ಸೊಪ್ಪು ಹಾಕಿದರೂ ಸಾಲಲ್ಲ. ಹುಳು ಸಾಕುವ ಅಟ್ಟಣೆಯ ಪ್ರತಿ ಅಂಕಣದಲ್ಲೂ ಎಲೆ ಸಮೇತ ಹಿಪ್ಪುನೇರಳೆ ಕಡ್ಡಿ. ಬಿಸಿಲು ಕಾಲ ಬೇರೆ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದ್ದರು. ಆ್ಯಪ್‌ನಲ್ಲಿ ಸಿಗ್ನಲ್ ಅಂಕಿ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು. ಹಿಂದಿನ ಮೂಲೆಯಿಂದ ಒತ್ತಿದ್ದು ತಲುಪಲೇ ಇಲ್ಲ. ಹಸಿ ಎಲೆ ಅಂದರೆ ಬಹುಪಾಲು ನೀರು. ಈ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಹುಳುವನ್ನು ಹಾಳು ಮಾಡುವ ಊಜಿ ನೊಣ ಬರದಂತೆ ಕಟ್ಟಿದ ನೈಲಾನ್ ಪರದೆಯಿಂದ ಏನೂ ತೊಂದರೆ ಇಲ್ಲ. ಕಬ್ಬಿಣದ ಜಾಲರಿ ಆಗಿದ್ದರೆ ಕತೆ ಬೇರೆ.

ಭಾವ ರಿಪೀಟರನ್ನು ಅಟ್ಟಣೆಗಿಂತ ಮೇಲೆ, ತೊಲೆಗೆ ಕಟ್ಟಿದರು. ಸರಿಹೋಯಿತು. ಆದ್ದರಿಂದ ಖಾಲಿ ಮನೆಯಲ್ಲಿ ಪರೀಕ್ಷೆ ಮಾಡಿ ಖುಷಿಪಡಬೇಡಿ. ಮನೆ ತುಂಬಿರುವಾಗ, ಬಾಗಿಲು ಮುಚ್ಚಿ, ಹಂಡೆ ತುಂಬ ನೀರಿರುವಾಗ ಒತ್ತಿ ನೋಡಿ. ಇನ್ನೊಂದು ವಿಷಯ. ಬೆಳೆ ಮುಗಿದ ಮೇಲೆ ಹುಳು ಮನೆಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವಲ್ಲ, ಆಗ ರಿಪೀಟರ್, ಚಾರ್ಜರ್ ಎರಡನ್ನೂ ಬಿಚ್ಚಿ ಒಳಗೆ ತಂದಿಡಬೇಕು. ಬ್ಲೀಚಿಂಗ್ ಪೌಡರ್ ಲೋಹವನ್ನು ತಿನ್ನುತ್ತದೆ. ಯುಎಸ್‌ಬಿ ಮೂತಿಗೆ ಹಸಿರು ಕಿಲುಬು ಹಿಡಿದರೆ ಮುಗೀತು. ವಾಪಸ್ ಕಟ್ಟುವುದನ್ನು ಮರೆಯದ ಹಾಗೆ ಹುಳು ಗೂಡು ಕಟ್ಟುವ ಚಂದ್ರಿಕೆ ಜೋಡಿಸಿಟ್ಟ ಜಾಗದಲ್ಲೇ ಇಡುತ್ತೇವೆ.

ಕೊರಳಿನ ಬಟನ್ ಮಾತ್ರ ಅಷ್ಟು ಚುರುಕಲ್ಲ. ಅತ್ತೆ ಒಳಮನೆಯಿಂದ ಹುಳು ಮನೆಗೆ ನಡೆದು ಹೋದರೆ ಅದು ಹಳೇ ರಿಪೀಟರ್ ಬಿಟ್ಟು ಹೊಸದನ್ನು ಹುಡುಕಿಕೊಳ್ಳಬೇಕು. ಆ ಹೊತ್ತಿನಲ್ಲಿ ಒತ್ತಿದರೆ ತಡವಾಗುತ್ತದೆ, ಒಮ್ಮೊಮ್ಮೆ ಮತ್ತೆ ಒತ್ತಬೇಕಾಗುತ್ತದೆ. ಸೈರನ್ ಕೇಳುವವರೆಗೂ ಒತ್ತುತ್ತಾ ಇರಿ ಅತ್ತೆ ಅಂತ ಹೇಳಿಕೊಟ್ಟಿದ್ದೇವೆ.

ಈಗ ಕರೆಂಟಿನ ವಿಷಯ. ರಿಪೀಟರ್ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಅದೂ ಹೋಯಿತು. ಮನೆಯ ಇನ್ವರ್ಟರ್ ಲೈನ್ ಹಾಲ್ ಮತ್ತು ರೂಮಿಗೆ ಮಾತ್ರ. ಹಬ್ ಎದ್ದಿರುತ್ತದೆ, ಗವಾಕ್ಷಿಯದು ಮಲಗಿರುತ್ತದೆ. ಮೊದಲು ಪವರ್ ಬ್ಯಾಂಕ್ ಹಾಕಿ ನೋಡಿದೆವು. ರಿಪೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತಿತ್ತು. ಬಹಳ ಪವರ್ ಬ್ಯಾಂಕ್‌ಗಳು ಹೀಗೇ. ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ಇನ್ವರ್ಟರ್ ಲೈನನ್ನೇ ಅಡುಗೆಮನೆಗೂ ಹುಳು ಮನೆಗೂ ಎಳೆಸಿದೆವು. ರಿಪೀಟರ್ ಬೆಲೆಗಿಂತ ವೈರಿಂಗ್ ಖರ್ಚೇ ಜಾಸ್ತಿ ಆಯಿತು. ಅದನ್ನೂ ಸೇರಿಸಿ ಲೆಕ್ಕ ಹಾಕಿ. ಜೊತೆಗೆ ಬಂದ ಅಡಾಪ್ಟರ್ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆಗೆ ಸುಟ್ಟುಹೋಯಿತು. ಈಗ ಮೊಬೈಲಿನ ಹಳೇ 5 ವೋಲ್ಟ್ ಚಾರ್ಜರ್ ಇದೆ, ಆರಾಮಾಗಿ ನಡೆಯುತ್ತಿದೆ.

ಅಂಕ ಕಡಿಮೆ ಆದ ಕಾರಣಕ್ಕೆ ಬರುತ್ತೇನೆ. ಓರಗಿತ್ತಿಯ ಮಗ ಮೊಬೈಲ್ ಚಾರ್ಜ್‌ಗೆ ಹಾಕಲು ರಿಪೀಟರ್ ಪ್ಲಗ್ ಕಿತ್ತಿದ್ದ. ಹಾಕಿದ ಮೊಬೈಲ್ ತೆಗೆದುಕೊಂಡು ಕಾಲೇಜಿಗೆ ಹೋದ. ರಿಪೀಟರ್ ಹಾಗೇ ನೇತಾಡುತ್ತಿತ್ತು. ನಾನು ಇಲ್ಲಿ ಕೂತು ಆ್ಯಪ್ ನೋಡಿದರೆ ಎಲ್ಲ ಆನ್‌ಲೈನ್, ಎಲ್ಲ ಹಸಿರು. ಗಂಟೆಗಟ್ಟಲೆ ಹಾಗೇ ತೋರಿಸಿತು. ಮಾಮೂಲಿ ಮನೆಯ ಲೈಟಿಗಾದರೆ ನಡೆಯುತ್ತದೆ. ಬಿದ್ದವರ ಕೂಗು ಮುಟ್ಟಿಸುವ ಸಾಮಾನು ಇಷ್ಟು ನಿಧಾನಕ್ಕೆ ಎಚ್ಚೆತ್ತುಕೊಂಡರೆ ಹೇಗೆ? ಕಸ್ಟಮರ್ ಕೇರ್‌ನವರು "ಆ್ಯಪ್ ಅಪ್‌ಡೇಟ್ ಮಾಡಿ ಮೇಡಂ" ಅಂದರು. ಮಾಡಿದೆ. ಏನೂ ಬದಲಾಗಿಲ್ಲ. ಈಗ ಆ ಪ್ಲಗ್‌ಗೂ ಸ್ವಿಚ್‌ಗೂ ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ "ಅಜ್ಜಿದು, ಮುಟ್ಟಬೇಡ" ಅಂತ ಬರೆದಿದ್ದೇವೆ. ಟೇಪ್ ಮಾಡಿದಷ್ಟು ಕೆಲಸ ಆ್ಯಪ್ ಮಾಡಿಲ್ಲ.

ಶುಕ್ರವಾರ ಮನೆ ಒರೆಸಿದ ಮೇಲೆ ಅತ್ತೆ ತಾವೇ ಮಂಚದ ಹತ್ತಿರ, ಬಚ್ಚಲಲ್ಲಿ, ಹುಳು ಮನೆಯಲ್ಲಿ ಒಂದೊಂದು ಸಲ ಒತ್ತುತ್ತಾರೆ. ಆ ಕಡೆಯಿಂದ ಯಾರಾದರೂ "ಬಂತು" ಅಂತ ಕೂಗಬೇಕು. ಕೂಗದಿದ್ದರೆ ನನಗೆ ಫೋನ್ ಬರುತ್ತದೆ, ಬೈಗುಳ ಸಮೇತ.

ಸೈರನ್ ಹಬ್‌ನಿಂದ ನೇರವಾಗಿ ಕೂಗುವುದರಿಂದ ಇಂಟರ್ನೆಟ್ ಹೋದರೂ ನಡೆಯುತ್ತದೆ. ನನ್ನ ಮೊಬೈಲಿಗೆ ಬರುವ ಸಂದೇಶಕ್ಕೆ ಮಾತ್ರ ಇಂಟರ್ನೆಟ್ ಬೇಕು. 108ಕ್ಕಾಗಲಿ 112ಕ್ಕಾಗಲಿ ಇದು ತಾನಾಗಿ ಫೋನ್ ಮಾಡಲ್ಲ. ಅದು ಭಾವನೋ ನಾನೋ ಮಾಡಬೇಕು. ಕೂಗಿದರೆ ಓಡಿಬರುವಷ್ಟು ಹತ್ತಿರ ಯಾರೂ ಇಲ್ಲ ಅನ್ನುವವರು ಈ ಸೆಟ್ ಬಿಟ್ಟು, ಸಿಮ್ ಹಾಕಿ ನೇರ ಕರೆ ಹೋಗುವಂಥದ್ದು ನೋಡಿ. ಅದರಲ್ಲೂ 2ಜಿ ಪೆಟ್ಟಿಗೆ ಆದರೆ ಜಿಯೋ ಸಿಮ್ ನಡೆಯಲ್ಲ.

ತಗೊಳ್ಳೋದಾದರೆ ಬಂದ ದಿನವೇ ಜೋಡಿಸಿ. ಆಮೇಲೆ ಬೇಕಂತಲೇ ರಿಪೀಟರ್ ಪ್ಲಗ್ ಕಿತ್ತು, ಆ್ಯಪ್ ಎಷ್ಟು ಹೊತ್ತಿಗೆ ಆಫ್‌ಲೈನ್ ಅಂತ ಹೇಳುತ್ತದೆ ನೋಡಿ. ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ನೋಡಿ.